ಯಕೃತ್ತಿನ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ

ಮುರ್ಮುಗಾಂವ್ ಬಂದರಿನ ಆಸುಪಾಸಿನಲ್ಲಿ, ವಾಸ್ಕೊ, ಬೈನಾ, ಜುವಾರಿನಗರಗಳಲ್ಲಿ ದುಡಿಮೆಗಾಗಿ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ದೊಡ್ಡ ಬೇನೆ ಬಂದಾಗ ಬಾಂಬೋಳಿಯ ಗೋವಾ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಹೋಗುವವರುಂಟು. ರೈಲು ಹತ್ತಿ ಹುಬ್ಬಳ್ಳಿಗೆ ನಡೆಯುವವರೂ ಉಂಟು. ಹೊಟ್ಟೆನೋವಿಗೆಂದು ಮಾಡಿಸಿದ ಸೋನೋಗ್ರಫಿಯಲ್ಲಿ ‘ಯಕೃತ್ತಿನಲ್ಲಿ ಗಡ್ಡೆ’ ಎಂದು ಬರೆದು ಬಂದರೆ ಮನೆಮಂದಿಯೆಲ್ಲ ದಿಕ್ಕುಗೆಡುತ್ತಾರೆ. ಆದರೆ ಗಡ್ಡೆಯೆಂದ ಮಾತ್ರಕ್ಕೆ ಅದು ಕ್ಯಾನ್ಸರ್ ಆಗಬೇಕಾಗಿಲ್ಲ.

ನಿರಪಾಯಕಾರಿ ಗಡ್ಡೆಗಳಲ್ಲಿಯೂ ಬಗೆಗಳಿವೆ. ಅವನ್ನು ಬೇರ್ಪಡಿಸಿ ಗುರುತಿಸಲು ಇಂದು ಹೆಚ್ಚು ನೆರವಾಗುವುದು ಕಾಂಟ್ರಾಸ್ಟ್ ಸಹಿತವಾದ ಎಂ.ಆರ್.ಐ. ಪರೀಕ್ಷೆ. ಇದರಲ್ಲಿ ಕ್ಷ-ಕಿರಣದ ಬಳಕೆಯಿಲ್ಲ; ಕಾಂತಶಕ್ತಿ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ಮೂಡುತ್ತದೆ. ಗ್ಯಾಡೊಲಿನಿಯಮ್ ಧಾತುವುಳ್ಳ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ, ಅದು ಗಡ್ಡೆಯನ್ನು ಹೊಕ್ಕು ಹೊರಡುವ ಪರಿಯನ್ನು ಕೆಲವು ನಿಮಿಷಗಳ ಕಾಲ ಮತ್ತೆ ಮತ್ತೆ ಚಿತ್ರಿಸುತ್ತಾರೆ. ಪ್ರತಿಯೊಂದು ಗಡ್ಡೆಗೂ ತನ್ನದೇ ನಡೆಯುಂಟು.

ಹಿಮ್ಯಾಂಜಿಯೋಮಾ ರಕ್ತನಾಳಗಳ ಗಂಟು, ಎಲ್ಲಕ್ಕಿಂತ ಸಾಮಾನ್ಯವಾದುದು. ಔಷಧವು ಮೊದಲು ಅದರ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಬೆಳಗಿ, ನಿಧಾನವಾಗಿ ನಡುವಿನತ್ತ ತುಂಬುತ್ತದೆ. ತೊಂದರೆ ಕೊಡದಿದ್ದರೆ ಇದಕ್ಕೆ ಚಿಕಿತ್ಸೆಯೇ ಬೇಡ.

ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ ಎಂಬುದು ಯಕೃತ್ತಿನ ಜೀವಕೋಶಗಳೇ ಒಂದೆಡೆ ಹೆಚ್ಚಾಗಿ ಬೆಳೆದ ಗಂಟು. ಅದು ಮೊದಲ ಅರೆನಿಮಿಷದಲ್ಲಿಯೇ ಒಟ್ಟಾಗಿ ಹೊಳೆಯುತ್ತದೆ. ನಡುವೆ ಗಾಯದ ಕಲೆಯಂಥ ಗೆರೆಯಿದ್ದರೆ ಅದು ತಡವಾಗಿ ಬೆಳಗುತ್ತದೆ. ಇದೂ ಕ್ಯಾನ್ಸರ್‌ಗೆ ತಿರುಗುವಂಥದಲ್ಲ.

ಎಚ್ಚರಿಕೆ ಬೇಕಾದುದು ಅಡಿನೋಮಾದ ವಿಷಯದಲ್ಲಿ. ಗರ್ಭನಿರೋಧಕ ಗುಳಿಗೆಗೂ ಇದಕ್ಕೂ ಇರುವ ನಂಟು 1973ರಲ್ಲಿಯೇ ವರದಿಯಾಗಿತ್ತು. 5 ಸೆಂಟಿಮೀಟರಿಗಿಂತ ದೊಡ್ಡದಾದರೆ ರಕ್ತ ಸೋರುವ ಭಯವುಂಟು. ಕೆಲವು ಬಗೆಗಳು ಕ್ಯಾನ್ಸರ್ ಆಗಿ ಮಾರ್ಪಡಬಹುದು. ಸ್ತ್ರೀಯರಲ್ಲಿ ಸಾಮಾನ್ಯವಾಗಿ ಗುಳಿಗೆ ನಿಲ್ಲಿಸಿ, ಆರು ತಿಂಗಳ ಬಳಿಕ ಮತ್ತೆ ಚಿತ್ರ ತೆಗೆದು ನೋಡುತ್ತಾರೆ. ಪುರುಷರಲ್ಲಿ ಕಂಡರೆ ಗಾತ್ರವೆಷ್ಟೇ ಇರಲಿ, ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು.

ಕೊನೆಯ ಎರಡು ಒಂದನ್ನೊಂದು ಹೋಲಬಹುದು. ಆಗ ಗ್ಯಾಡಾಕ್ಸಿಟೇಟ್ ಎಂಬ ವಿಶೇಷ ಔಷಧ ನೆರವಾಗುತ್ತದೆ. ಇದರ ಅರ್ಧದಷ್ಟನ್ನು ಯಕೃತ್ತಿನ ಜೀವಕೋಶಗಳೇ ಹೀರಿ ಪಿತ್ತಕ್ಕೆ ಬಿಡುತ್ತವೆ. 20 ನಿಮಿಷಗಳ ಬಳಿಕ ತೆಗೆದ ಚಿತ್ರದಲ್ಲಿ ಹೈಪರ್‌ಪ್ಲೇಸಿಯಾ ಬೆಳಕಾಗಿ ಉಳಿದರೆ, ಅಡಿನೋಮಾ ಹೆಚ್ಚಾಗಿ ಕಪ್ಪಾಗಿ ತೋರುತ್ತದೆ. ಕೆಲವು ಅಡಿನೋಮಾಗಳು ಈ ನಿಯಮವನ್ನು ಮೀರುವುದರಿಂದ, ಸಂಶಯ ಉಳಿದಲ್ಲಿ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಹೆಪಟೈಟಿಸ್ ಬಿ, ಸಿರೋಸಿಸ್ ಅಥವಾ ಹಿಂದೆ ಕ್ಯಾನ್ಸರ್ ಇದ್ದವರಲ್ಲಿ ಹೊಸ ಗಡ್ಡೆಯನ್ನು ನಿರಪಾಯಕಾರಿಯೆಂದು ಸುಲಭವಾಗಿ ನಂಬುವಂತಿಲ್ಲ.

ಹಡಗುಕಟ್ಟೆಯಲ್ಲಿ ದುಡಿಯುವ ನಮ್ಮವರಿಗೊಂದು ಮಾತು. ಬೆಸುಗೆ, ಗ್ರೈಂಡಿಂಗ್ ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಕಿಡಿ ಸಿಡಿದಿದ್ದರೆ ಅದನ್ನು ಪರೀಕ್ಷೆಗೆ ಮೊದಲೇ ತಿಳಿಸಬೇಕು. ಒಳಗುಳಿದ ಚೂರು ಕಾಂತಕ್ಕೆ ಸರಿದು ಕಣ್ಣಿಗೆ ಹಾನಿ ಮಾಡೀತು. ಮೂತ್ರಪಿಂಡದ ರೋಗ, ಗರ್ಭ, ಪೇಸ್‌ಮೇಕರ್ ಇದ್ದರೂ ಮುಚ್ಚಿಡಬಾರದು.

ಇನ್ನೊಂದು ಮಾತು: ಬಾಂಬೋಳಿಯಿಂದ ಹುಬ್ಬಳ್ಳಿಗೆ ಹೋಗುವಾಗ ಬರಹದ ವರದಿಯೊಂದೇ ಸಾಲದು, ಚಿತ್ರಗಳ ಸಿ.ಡಿ.ಯನ್ನೂ ಒಯ್ಯಿರಿ. ಹಳೆಯ ಚಿತ್ರದೊಡನೆ ಹೋಲಿಸಿದಾಗಲೇ ಗಡ್ಡೆ ಬೆಳೆದಿದೆಯೋ ಇಲ್ಲವೋ ತಿಳಿಯುವುದು. ಹೆಸರು ತಿಳಿಯದ ಗಡ್ಡೆಗೆ ಹೆದರಿ ಒಡವೆ ಅಡವಿಡುವ ಮೊದಲು, ಅದು ಯಾವ ಬಗೆಯದೆಂದು ವೈದ್ಯರನ್ನು ಕೇಳಿ ತಿಳಿಯುವುದು ಲೇಸು.