ನಮ್ಮ ಹೆಸರಿನ ಸಾಲದ ಲೆಕ್ಕ

ಅಕ್ಕಂದಿರೇ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದ್ದೀರಲ್ಲ? ಯಾರು ಎಷ್ಟು ತಗೊಂಡರು, ಯಾವಾಗ ಕೊಟ್ಟರು, ಎಲ್ಲ ಅದರಲ್ಲಿ ಇರುತ್ತದೆ. ಹೊತ್ತಿಗೆ ಸರಿಯಾಗಿ ಕೊಟ್ಟವರಿಗೆ ಮತ್ತೆ ಉದ್ರಿ ಸಿಗುತ್ತದೆ. ಕೊಡದವರಿಗೆ ಅಂಗಡಿಯವ "ನಾಳೆ ಬರ್ರಿ" ಅನ್ನುತ್ತಾನೆ.

ಬ್ಯಾಂಕಿನ ಸಾಲಕ್ಕೂ ಇಂಥದೇ ಒಂದು ಲೆಕ್ಕ ಇದೆ. ಅದಕ್ಕೆ ಕ್ರೆಡಿಟ್ ರಿಪೋರ್ಟ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಈ ಲೆಕ್ಕ ಇಡುವ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಇದಕ್ಕಾಗಿ 2005ರಲ್ಲಿ ಕಾನೂನು ಆಯಿತು. ಈ ಕಂಪನಿಗಳ ಮೇಲೆ ರಿಸರ್ವ್ ಬ್ಯಾಂಕಿನ ನಿಗಾ ಇದೆ.

ಇದರಲ್ಲಿ ಏನೇನು ಇರುತ್ತದೆ?

ನಿಮ್ಮ ಹೆಸರು, ವಿಳಾಸ ಇರುತ್ತದೆ. ನಿಮ್ಮ ಸಾಲ ಎಷ್ಟು, ಯಾವ ಕಂತು ತಡವಾಯಿತು ಎಂದು ಇರುತ್ತದೆ. ಬೇರೆಯವರಿಗೆ ಜಾಮೀನು ನಿಂತಿದ್ದರೆ ಅದೂ ಇರುತ್ತದೆ. ಗುಂಪಿನಲ್ಲಿ ಕೂತು ತಗೊಂಡ ಮೈಕ್ರೋ ಫೈನಾನ್ಸ್ ಸಾಲವೂ ಒಬ್ಬೊಬ್ಬರ ಹೆಸರಿನಲ್ಲೇ ದಾಖಲಾಗುತ್ತದೆ. ಇದನ್ನೆಲ್ಲ ನೋಡಿ ಅಂಕ ಕೊಡುತ್ತಾರೆ. ಅಂಕ 300ರಿಂದ 900ರವರೆಗೆ. ಹೆಚ್ಚು ಇದ್ದಷ್ಟು ಒಳ್ಳೆಯದು.

ಇದು ನಮಗೆ ಯಾಕೆ ಬೇಕು?

ಖಾನಾಪುರದ ಒಬ್ಬ ಹೆಣ್ಣುಮಗಳು ಎಮ್ಮೆ ತಗೊಳ್ಳಲು ಸಾಲ ಕೇಳಿದಳು ಎನ್ನಿ. ಬ್ಯಾಂಕಿನವರು ಮೊದಲು ಈ ರಿಪೋರ್ಟ್ ನೋಡುತ್ತಾರೆ. ಅವಳಿಗೆ ಗೊತ್ತೇ ಇಲ್ಲದ ಸಾಲ ಅದರಲ್ಲಿ ಇದ್ದರೆ? ಎಮ್ಮೆ ಕೊಟ್ಟಿಗೆಗೆ ಬರುವುದಿಲ್ಲ.

ಇದು ಬರೀ ಮಾತಲ್ಲ. 2024-25ರಲ್ಲಿ ಬೆಳಗಾವಿ ಜಿಲ್ಲೆಯ ಅನೇಕ ಮಹಿಳೆಯರು ಇಂಥದೇ ದೂರು ಕೊಟ್ಟರು. "ನಿಮ್ಮ ಹೆಸರಲ್ಲಿ ಸಾಲ ತೆಗೀರಿ, ಕಂತು ನಾವು ಕಟ್ತೀವಿ" ಎಂದು ನಡುವಿನವರು ನಂಬಿಸಿದ್ದರು. ರೊಕ್ಕ ಅವರ ಕೈಗೆ ಹೋಯಿತು. ಸಾಲ ಇವರ ತಲೆ ಮೇಲೆ ಉಳಿಯಿತು.

ನಾವೇನು ಮಾಡಬೇಕು?

ವರ್ಷಕ್ಕೊಮ್ಮೆ ನಿಮ್ಮ ರಿಪೋರ್ಟ್ ತರಿಸಿ ಓದಿರಿ. ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ರಿಪೋರ್ಟ್ ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ಆ ಕಂಪನಿಯ ವೆಬ್‌ಸೈಟಿನಲ್ಲಿ ಇದು ಸಿಗುತ್ತದೆ. ನಿಮ್ಮ ರಿಪೋರ್ಟ್ ನೀವು ನೋಡಿದರೆ ಅಂಕ ಕಡಿಮೆ ಆಗುವುದಿಲ್ಲ.

ತಪ್ಪು ಕಂಡರೆ ಸುಮ್ಮನಿರಬೇಡಿ. ಬ್ಯಾಂಕಿಗೂ ಆ ಕಂಪನಿಗೂ ಬರೆದು ದೂರು ಕೊಡಿರಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ದೂರು ಬಗೆಹರಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ 14448 ನಂಬರಿಗೆ ಫೋನ್ ಮಾಡಿ ಕೇಳಿರಿ.

"ರೊಕ್ಕ ಕೊಡ್ರಿ, ಅಂಕ ಏರಿಸಿ ಕೊಡ್ತೀನಿ" ಅನ್ನುವವರನ್ನು ನಂಬಬೇಡಿ. ಮೊಬೈಲಿಗೆ ಬಂದ ಓಟಿಪಿ ಯಾರಿಗೂ ಹೇಳಬೇಡಿ. ಕಂತು ಹೊತ್ತಿಗೆ ಕಟ್ಟುತ್ತ ಹೋದರೆ ಅಂಕ ತಾನೇ ಏರುತ್ತದೆ.

ಸಾಲವನ್ನೇ ಮಾಡದವರಿಗೆ ಅಂಕ ಇರುವುದಿಲ್ಲ. ಅದೇನೂ ತಪ್ಪಲ್ಲ.

ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಸಹಿ ಮಾಡಲು ಕಲಿತಿದ್ದೇವೆ. ಆದರೆ ಸಹಿಗಿಂತ ಮೊದಲು ಓದು. ಕಾಗದದಲ್ಲಿ ಯಾರ ಹೆಸರಿದೆ? ಸಾಲ ಎಷ್ಟು? ಕಂತು ಎಷ್ಟು? ಈ ಮೂರನ್ನು ಓದಿ, ಆಮೇಲೆ ಪೆನ್ನು ಹಿಡಿಯಿರಿ.