ಫಿಟ್‌ನೆಸ್ ಬ್ಯಾಂಡ್: ಯಾರಿಗೆ ಬೇಕು, ಯಾರಿಗೆ ಬೇಡ?

ಫಿಟ್‌ನೆಸ್ ಬ್ಯಾಂಡ್ ಹೆಜ್ಜೆಯನ್ನು ನೇರವಾಗಿ ಎಣಿಸುವುದಿಲ್ಲ. ಅದರೊಳಗಿನ ಅಕ್ಸೆಲೆರೋಮೀಟರ್, ಅಂದರೆ ಚಲನೆಯ ಏರಿಳಿತವನ್ನು ಅಳೆಯುವ ಪುಟ್ಟ ಸಾಧನ, ಕೈಯ ಲಯಬದ್ಧ ಬೀಸನ್ನು ಗ್ರಹಿಸಿ ಅದನ್ನೇ ಹೆಜ್ಜೆಯೆಂದು ಊಹಿಸುತ್ತದೆ. ಆದ್ದರಿಂದ ಹಿಂದೂಪುರದಲ್ಲಿ ಮಗ್ಗದ ಮುಂದೆ ಕುಳಿತು ಲಾಳಿ ಆಡಿಸುವ ನೇಕಾರನ ಕೈಯಾಟ ಕೆಲವೊಮ್ಮೆ ನಡಿಗೆಯಾಗಿ ದಾಖಲಾಗಬಹುದು. ಕಲ್ಯಾಣದುರ್ಗದ ಕಡಲೆಕಾಯಿ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವರ ದುಡಿಮೆಯಾದರೋ ಬಹುಪಾಲು ಲೆಕ್ಕಕ್ಕೇ ಬಾರದೆ ಹೋಗಬಹುದು. ಬೆವರಿಗೆ ಈ ಯಂತ್ರದಲ್ಲಿ ಖಾತೆಯಿಲ್ಲ.

ಬ್ಯಾಂಡಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತದ ಹರಿವನ್ನು ಗುರುತಿಸಿ ಎದೆಬಡಿತವನ್ನು ಅಂದಾಜಿಸುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪರೀಕ್ಷಿಸಿದ 7 ಸಾಧನಗಳಲ್ಲಿ 6 ಸಾಧನಗಳು ಎದೆಬಡಿತವನ್ನು ಶೇ. 5ರೊಳಗಿನ ವ್ಯತ್ಯಾಸದಲ್ಲಿ ಅಳೆದವಾದರೂ, ಕ್ಯಾಲೊರಿಯ, ಅಂದರೆ ದೇಹ ವ್ಯಯಿಸಿದ ಶಕ್ತಿಯ ಲೆಕ್ಕದಲ್ಲಿ, ಅವುಗಳಲ್ಲಿ ಉತ್ತಮವಾದುದೂ ಸರಾಸರಿ ಶೇ. 27ರಷ್ಟು ತಪ್ಪಿತು. ತೂಕ ಇಳಿಕೆಗೂ ಇದು ಖಾತರಿಯಲ್ಲ: 2016ರಲ್ಲಿ ಪ್ರಕಟವಾದ ಅಮೆರಿಕದ 2 ವರ್ಷಗಳ ಅಧ್ಯಯನವೊಂದರಲ್ಲಿ ಇಂಥ ಸಾಧನ ಧರಿಸಿದವರು ಸರಾಸರಿ 3.5 ಕಿಲೋ ಇಳಿದರೆ, ಧರಿಸದವರು 5.9 ಕಿಲೋ ಇಳಿದಿದ್ದರು. ದಿನಕ್ಕೆ 10,000 ಹೆಜ್ಜೆಯೆಂಬ ಜನಪ್ರಿಯ ಗುರಿಯಾದರೂ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕದ ಹೆಸರಿನಿಂದ ಹಬ್ಬಿದ್ದೇ ಹೊರತು ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆಯಂಥ ಶ್ರಮವನ್ನು. ಅದಕ್ಕೆ ಗಡಿಯಾರವೇ ಸಾಕು. ಅಂಗಡಿ, ಕಚೇರಿಗಳಲ್ಲಿ ಕುಳಿತೇ ದಿನ ದೂಡುವವರಿಗೆ, ಎದ್ದು ನಡೆಯಲು ನೆನಪಿಸಲೆಂದು, ಕಡಿಮೆ ಬೆಲೆಯ ಬ್ಯಾಂಡ್ ಉಪಯುಕ್ತ. ಹೊಲದಲ್ಲಿ ದುಡಿಯುವವರು ಆ ಹಣವನ್ನು ರಕ್ತದೊತ್ತಡ, ಸಕ್ಕರೆಯ ತಪಾಸಣೆಗೆ ಎತ್ತಿಡುವುದೇ ಲೇಸು.