ಗಿಟಾರಿನ ಕಾಪುಹಲಗೆಗೆ ಅರಗಿನ ಮೆರುಗು

ಮನೆಯ ಹುಡುಗರು ತಮ್ಮ ಕೈಯಿಂದಲೇ ಒಂದು ವಿದ್ಯುತ್ ಗಿಟಾರನ್ನು ಕಟ್ಟುವೆವೆಂದು ಹೊರಟರೆ ಹಿರಿಯರಿಗೆ ಸಂತೋಷವೂ, ಒಡನೆಯೇ ಕೊಂಚ ಕಳವಳವೂ ಉಂಟಾಗುವುದು ಸಹಜವಾಗಿದೆ. ಮರವನ್ನು ಕೊಯ್ದು ಉಜ್ಜುವವರೆಗೆ ಧೂಳಿನ ಉಪದ್ರವವೊಂದೇ. ಆದರೆ ಮೆರುಗು ಕೊಡುವ ಘಟ್ಟಕ್ಕೆ ಬಂದೊಡನೆ ಲ್ಯಾಕರ್ ಎಂಬ ದ್ರವವು ಮನೆಯೊಳಕ್ಕೆ ಪ್ರವೇಶಿಸುವುದು. ಅದರ ಹಿಂದೆಯೇ ತಲೆ ಸುತ್ತಿಸುವ ಆವಿಯೂ ಬೆಂಕಿಯ ಭಯವೂ ಬರುವುವು. ಅಡಿಗೆಯ ಒಲೆ, ದೇವರ ದೀಪ, ತೊಟ್ಟಿಲ ಕೂಸು ಇವೆಲ್ಲವೂ ಒಂದೇ ಸೂರಿನಡಿಯಲ್ಲಿರುವ ಮನೆಗಳಲ್ಲಿ ಇದನ್ನು ಅಲಕ್ಷಿಸತಕ್ಕದ್ದಲ್ಲ. ಆದುದರಿಂದ ಲ್ಯಾಕರಿನ ನೆರವಿಲ್ಲದೆ ಗಿಟಾರಿನ ಒಂದು ಭಾಗವನ್ನಾದರೂ ಅಂದವಾಗಿ ಮುಗಿಸುವ ಬಗೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಆ ಭಾಗಕ್ಕೆ ಪಿಕ್‌ಗಾರ್ಡ್ ಎಂದು ಹೆಸರು. ನಾವು ಅದನ್ನು ಕಾಪುಹಲಗೆಯೆಂದು ಕರೆಯೋಣ. ತಂತಿಗಳನ್ನು ಮೀಟುವ ಪಿಕ್ಕು ಒಡಲಿನ ಮರವನ್ನು ಗೀಚದಂತೆ ಕಾಯುವುದೇ ಅದರ ಕೆಲಸ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು ೧೯೫೦ರಲ್ಲಿ ಹೊರತಂದ ಗಟ್ಟಿಯೊಡಲಿನ ಗಿಟಾರುಗಳಲ್ಲಿ ಈ ಹಲಗೆಯು ಕಪ್ಪಾಗಿದ್ದು, ಅದರ ಮೇಲೆ ಲ್ಯಾಕರ್ ಸಿಂಪಡಿಸಿರುತ್ತಿತ್ತು. ೧೯೫೪ರ ಸ್ಟ್ರಾಟೊಕ್ಯಾಸ್ಟರಿನಲ್ಲಿ ಪಿಕಪ್ಪುಗಳೂ ತಿರುಗುಗುಂಡಿಗಳೂ ಈ ಹಲಗೆಗೇ ಜೋಡಿಸಲ್ಪಟ್ಟವು. ತಿರುಪುಮೊಳೆಗಳನ್ನು ಬಿಚ್ಚಿದರೆ ಹಲಗೆಯು ಪ್ರತ್ಯೇಕವಾಗಿ ಕೈಗೆ ಬರುವುದರಿಂದ, ಮೆರುಗಿನ ಕೆಲಸವನ್ನು ಕಲಿಯುವವರಿಗೆ ಇದಕ್ಕಿಂತ ತಕ್ಕ ಭಾಗವಿಲ್ಲ. ಕೆಟ್ಟರೂ ಹಲಗೆ ಕೆಡುವುದೇ ಹೊರತು ವಾದ್ಯವು ಕೆಡದು.

ಲ್ಯಾಕರ್ ಎಂಬ ಹೆಸರು ಸಂಸ್ಕೃತದ ಲಾಕ್ಷಾ ಶಬ್ದದ ಸಂತತಿಗೆ ಸೇರಿದುದು. ಆದರೆ ೧೯೨೦ರ ದಶಕದಲ್ಲಿ ಮೋಟಾರು ಗಾಡಿಗಳಿಗೆ ಬಳಸಲ್ಪಟ್ಟು, ಅನಂತರ ಗಿಟಾರಿಗೂ ಬಂದ ಲ್ಯಾಕರಿನಲ್ಲಿ ಅರಗಿನ ಲೇಶವೂ ಇಲ್ಲ. ಅದು ಸಸ್ಯದ ನಾರನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ, ಬೇಗ ಆವಿಯಾಗುವ ದ್ರವಗಳಲ್ಲಿ ಕರಗಿಸಿದ ವಸ್ತು. ನಿಜವಾದ ಅರಗಾದರೋ ನಮ್ಮ ದೇಶದ ಮುತ್ತುಗ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ರಾಳ. ಪಾಂಡವರ ಅರಗಿನ ಮನೆಯನ್ನು ಕೇಳದವರಿಲ್ಲ; ಚನ್ನಪಟ್ಟಣದ ಬೊಂಬೆಗಳ ಹೊಳಪನ್ನು ಕಾಣದವರೂ ವಿರಳ. ಹಳೆಯ ಗ್ರಾಮಫೋನ್ ತಟ್ಟೆಗಳಿಗೂ ಅರಗೇ ಬಂಧಕವಾಗಿತ್ತು. ಸಂಗೀತಕ್ಕೂ ಅರಗಿಗೂ ಇರುವ ನಂಟು ಹೊಸದಲ್ಲ.

ಮೊದಲು ಹಲಗೆಯ ವಿಚಾರ. ಎರಡು-ಮೂರು ಮಿಲಿಮೀಟರ್ ದಪ್ಪದ ಒಂಟಿ ಮರವು ತಿರುಪುಮೊಳೆಯ ಬಳಿ ಸೀಳುವ ಸಂಭವವುಂಟು. ಒಳ್ಳೆಯ ಮರದ ಹಾಳೆಯನ್ನಂಟಿಸಿದ ೩ ಮಿಲಿಮೀಟರ್ ಪ್ಲೈವುಡ್ ಕ್ಷೇಮಕರ. ಅಕ್ರಿಲಿಕ್ ಹಲಗೆಗೆ ಯಾವ ಲೇಪವೂ ಬೇಡ. ಅದಕ್ಕೆ ಸ್ಪಿರಿಟ್ ತಾಗಿದರೆ ಸೂಕ್ಷ್ಮ ಬಿರುಕುಗಳೇಳಬಹುದು. ರಂಧ್ರಗಳನ್ನೆಲ್ಲ ಮೆರುಗಿಗೆ ಮುಂಚೆಯೇ ಕೊರೆದು ಮುಗಿಸಬೇಕು. ಪಿಕಪ್ಪು, ತಂತಿಗಳು ಜೋಡಣೆಯಾಗಿದ್ದರೆ ತೆಗೆದಿರಿಸಬೇಕು.

ಅನಂತರ ೧೨೦, ೧೮೦, ೨೪೦ ಅಂಕಿಗಳ ಉಪ್ಪುಕಾಗದಗಳಿಂದ ಮರದ ಎಳೆಯ ಜಾಡಿನಲ್ಲಿಯೇ ಕ್ರಮವಾಗಿ ಉಜ್ಜಬೇಕು. ಮೇಲುಹಾಳೆಯು ತೆಳುವಾದುದರಿಂದ ಬಲವಾಗಿ ಒತ್ತಬಾರದು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮಲಗಿದ್ದ ನವಿರೆಳೆಗಳು ಎದ್ದು ನಿಲ್ಲುವುವು. ಒಣಗಿದ ಮೇಲೆ ೩೨೦ ಅಂಕಿಯ ಕಾಗದದಿಂದ ಅವನ್ನು ಹಗುರವಾಗಿ ತೆಗೆಯತಕ್ಕದ್ದು. ಮೆರುಗಿನ ಮುಕ್ಕಾಲು ಪಾಲು ಈ ತಾಳ್ಮೆಯಲ್ಲಿಯೇ ಅಡಗಿದೆ.

ಗಾಜಿನ ಸೀಸೆಯಲ್ಲಿ ೧೦೦ ಮಿಲಿಲೀಟರ್ ಪಾಲಿಷ್ ಸ್ಪಿರಿಟ್ಟಿಗೆ ಸುಮಾರು ೧೫ರಿಂದ ೨೦ ಗ್ರಾಂ ಅರಗಿನ ಚಕ್ಕೆಗಳನ್ನು ಹಾಕಿ, ಆಗಾಗ ಅಲ್ಲಾಡಿಸುತ್ತ ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಹಳೆಯದಾದ ದ್ರಾವಣವು ಸರಿಯಾಗಿ ಒಣಗದು. ಬೇಕಾದಷ್ಟನ್ನೇ ಆಗಾಗ ಮಾಡಿಕೊಳ್ಳುವುದು ಮೇಲು. ಸ್ಪಿರಿಟ್ ಸಹ ಉರಿಯುವ ವಸ್ತುವೇ, ಕುಡಿದರೆ ವಿಷವೇ. ಆದುದರಿಂದ ಗಾಳಿಯಾಡುವ ಜಗಲಿಯಲ್ಲಿ, ಒಲೆ ದೀಪಗಳಿಗೆ ದೂರವಾಗಿ ಕೆಲಸ ನಡೆಯಲಿ; ಸೀಸೆಗೆ ಚೀಟಿ ಅಂಟಿಸಿ ಮಕ್ಕಳ ಕೈಗೆ ಎಟುಕದಂತೆ ಇಡಲಿ. ಸಿಂಪಡಿಸುವ ಕೆಲಸವಿಲ್ಲದುದರಿಂದ ಇಡೀ ಮನೆಗೆ ಹನಿಮಂಜು ಹರಡುವುದಿಲ್ಲವೆಂಬುದೇ ಇಲ್ಲಿಯ ದೊಡ್ಡ ಲಾಭ.

ಹಳೆಯ ಪಂಚೆಯ ತುಂಡಿನಲ್ಲಿ ಹತ್ತಿಯನ್ನಿಟ್ಟು ಉಂಡೆ ಕಟ್ಟಿ, ದ್ರಾವಣದಲ್ಲಿ ತೇವಮಾಡಿ, ನಿಲ್ಲಿಸದೆ ಒಂದೇ ಎಳೆತದಲ್ಲಿ ತೆಳ್ಳಗೆ ಸವರಬೇಕು. ಸವರಿದ ಕಡೆಗೆ ಕೂಡಲೇ ಹಿಂದಿರುಗಿದರೆ ಅರ್ಧ ಒಣಗಿದ ಪದರವು ಎದ್ದುಬರುವುದು. ಗಂಟೆಯೊಂದು ಕಳೆದ ಮೇಲೆ ಮತ್ತೊಂದು ಪದರ. ಹೀಗೆ ಆರೆಂಟು ಪದರಗಳಾದರೆ ಸಾಕು. ಮರೆಯಬಾರದ ಮಾತೊಂದುಂಟು: ಹಿಂಬದಿಗೂ ಅಷ್ಟೇ ಪದರಗಳನ್ನು ಕೊಡಬೇಕು. ಒಂದೇ ಬದಿಯನ್ನು ಮುಚ್ಚಿದರೆ ಮತ್ತೊಂದು ಬದಿಯು ಗಾಳಿಯ ತೇವವನ್ನು ಹೀರಿ, ತೆಳುಹಲಗೆಯು ಹಪ್ಪಳದಂತೆ ಬಾಗುವುದು. ಒಂದು ವಾರ ಗಟ್ಟಿಯಾಗಲು ಬಿಟ್ಟು, ಬಳಿಕ ಜೇನುಮೇಣವನ್ನು ತೆಳುವಾಗಿ ಉಜ್ಜಿ ಒರೆಸಿ, ಆಮೇಲೆಯೇ ತಿರುಪುಮೊಳೆಗಳನ್ನು ಕೂಡಿಸತಕ್ಕದ್ದು.

ಹೊಳಪನ್ನೊಲ್ಲದವರು ಅಗಸೆ ಎಣ್ಣೆಯನ್ನು ಹಚ್ಚಿ, ಹೆಚ್ಚಾದುದನ್ನು ಪೂರ್ತಿಯಾಗಿ ಒರೆಸಬಹುದು. ಕೊಬ್ಬರಿ ಎಣ್ಣೆ ಕೆಲಸಕ್ಕೆ ಬಾರದು. ಅದು ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿಯುವುದು. ಬೀಟೆ ಮರದಲ್ಲಿ ಸಹಜವಾಗಿರುವ ರಸಗಳು ಅಗಸೆ ಎಣ್ಣೆಯನ್ನು ಒಣಗಗೊಡುವುದಿಲ್ಲವಾದುದರಿಂದ ಅದಕ್ಕೆ ಅರಗೇ ಲೇಸು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾವಾಗಿಯೇ ಕಾವೇರಿ ಬೆಂಕಿ ಹೊತ್ತಬಹುದು. ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಲೇಬೇಕು.

ಅರಗಿನಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಅದು ಬಿಸಿಗೆ ಮೆತ್ತಗಾಗುವುದು, ನೀರು ನಿಂತರೆ ಬೆಳ್ಳಗಾಗುವುದು, ಪಿಕ್ಕಿನ ಹೊಡೆತಕ್ಕೆ ಗೀರುಬೀಳುವುದು. ಆದರೆ ಮೇಣವನ್ನು ಒರೆಸಿ ತೆಗೆದು ಹೊಸ ಪದರ ಸವರಿದರೆ, ಅದು ಹಳೆಯ ಪದರವನ್ನು ಕರಗಿಸಿ ಒಂದಾಗಿ ಬೆರೆಯುವುದು; ಸುಲಿದು ಮೊದಲಿನಿಂದ ತೊಡಗಬೇಕಾದ ಅಗತ್ಯವಿಲ್ಲ. ನಿತ್ಯವೂ ನುಡಿಸುವ ವಾದ್ಯಕ್ಕೆ ಗೀರು ತಪ್ಪಿದ್ದಲ್ಲ. ಕಟ್ಟಿದ ಕೈಯೇ ಅದನ್ನು ಅರ್ಧ ದಿನದಲ್ಲಿ, ಮನೆಯವರಾರನ್ನೂ ಹೊರಗಟ್ಟದೆ ಸರಿಪಡಿಸಬಲ್ಲುದಾದರೆ, ಗೃಹಸ್ಥರಿಗೆ ಅದಕ್ಕಿಂತ ಹೆಚ್ಚಿನ ಗಡಸುತನ ಬೇಕಾಗಿಲ್ಲ.